ಕೆಂಪು ಪೆನ್ನು, ನೀಲಿ ಪೆನ್ನು, ಪೆನ್ಸಿಲ್: ಕಾಗುಣಿತದ ಬಗ್ಗೆ ನಮ್ಮ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮೈಸೂರಿನ ಅಗ್ರಹಾರದ ಕಡೆಯ ಒಂದು ಸಣ್ಣ ಡಿಟಿಪಿ ಅಂಗಡಿ. ನಾಮಕರಣದ ಕಾರ್ಡು, ಲಗ್ನಪತ್ರಿಕೆ, ಅಂಗಡಿ ಬೋರ್ಡು, ಮಾನಸಗಂಗೋತ್ರಿಯ ಹುಡುಗರ ಪ್ರಬಂಧ, ಕೊನೆಗೆ ವೈಕುಂಠ ಸಮಾರಾಧನೆಯ ಪತ್ರಿಕೆ, ಎಲ್ಲದರ ಕರಡೂ ಇದೇ ಮೇಜಿನ ಮೇಲೆ ಹಾದುಹೋಗುತ್ತದೆ. ಕರಡು ತಿದ್ದುವಾಗ ನಾನು ಮೂರು ಬಗೆಯಲ್ಲಿ ಗುರುತು ಹಾಕುತ್ತೇನೆ. ಕೆಂಪು ಪೆನ್ನಲ್ಲಿ ಸುತ್ತಿದ್ದರೆ ಅದು ತಪ್ಪು, ಬದಲಿಸಲೇಬೇಕು. ನೀಲಿ ಆದರೆ ಎರಡೂ ಸರಿ, ಆದರೆ ಒಂದನ್ನು ಹಿಡಿದು ಕೊನೆತನಕ ಅದನ್ನೇ ಬರೆಯಿರಿ. ಪೆನ್ಸಿಲ್ ಆದರೆ ನಿಮ್ಮಿಷ್ಟ, ನನ್ನ ಅಭಿಪ್ರಾಯ ಅಷ್ಟೇ. ಗಿರಾಕಿಗಳ ಜಗಳ ಬಹುಪಾಲು ಈ ಮೂರನ್ನು ಕಲಸಿಕೊಳ್ಳುವುದರಿಂದ ಹುಟ್ಟುತ್ತದೆ. ಕೌಂಟರಿನಲ್ಲಿ ನಿಂತು ಒಂದೇ ಮಾತನ್ನು ದಿನಕ್ಕೆ ನಾಲ್ಕು ಸಲ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಕನ್ನಡದಲ್ಲಿ ಮಾತಾಡಿದ ಹಾಗೇ ಬರೆಯುತ್ತೇವೆ. ಮತ್ತೆ ತಪ್ಪು ಎಲ್ಲಿಂದ ಬರುತ್ತೆ?

ಬರೆದಂತೆ ಓದುತ್ತೇವೆ ಅನ್ನುವುದು ಮುಕ್ಕಾಲು ನಿಜ. ಓದಿದಂತೆ ಬರೆಯುತ್ತೇವೆ ಅನ್ನುವುದು ಅರ್ಧ ನಿಜ. 'ಕೃಷ್ಣ' ಅಂತ ಬರೆದಿದ್ದನ್ನು ಒಬ್ಬರು ಕ್ರುಷ್ಣ ಅಂತಲೂ ಇನ್ನೊಬ್ಬರು ಕ್ರಿಷ್ಣ ಅಂತಲೂ ಓದುತ್ತಾರೆ, ತೊಂದರೆಯಿಲ್ಲ. ಕಿವಿಗೆ ಬಿದ್ದ 'ಕ್ರುಷ್ಣ'ನನ್ನು ಕಾಗದಕ್ಕಿಳಿಸುವಾಗ ವಟ್ರಸುಳಿ ಹಾಕಬೇಕು ಅಂತ ಕಿವಿ ಹೇಳಿಕೊಡುವುದಿಲ್ಲ, ನೆನಪೇ ಹೇಳಬೇಕು. ಫಲದ ಫ ಬೇರೆ, ಕಾಫಿಯ ಫ ಬೇರೆ, ಅಕ್ಷರ ಒಂದೇ. ಕಾಫಿಯ ಸದ್ದಿಗೆ ಕೆಳಗೆ ಎರಡು ಚುಕ್ಕಿ ಹಾಕಿ ಫ಼ ಅಂತ ಬರೆಯುವ ಪದ್ಧತಿ ಇದೆ, ಆದರೆ ಹೋಟೆಲಿನವರು ಯಾರೂ ಕೇಳಿಲ್ಲ.

ಆದರೂ ನಮ್ಮ ಕಷ್ಟ ಇಂಗ್ಲಿಷಿನವರ ಮುಂದೆ ಏನೂ ಅಲ್ಲ. ಥ್ರೂ, ಟಫ್, ಕಾಫ್, ದೋ, ಈ ನಾಲ್ಕರಲ್ಲೂ ಓ-ಯು-ಜಿ-ಎಚ್ ಎಂಬ ಅದೇ ನಾಲ್ಕು ಅಕ್ಷರ, ಉಚ್ಚಾರಣೆ ಮಾತ್ರ ನಾಲ್ಕು ಥರ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ಕಾಲಕ್ಕೆ ಆ ಭಾಷೆಯ ಸ್ವರಗಳು ಜನರ ಬಾಯಲ್ಲಿ ಹೊರಳುತ್ತಿದ್ದವು. ಅಚ್ಚಿನವರು ಕಾಗುಣಿತವನ್ನು ಹಾಗೇ ಅಚ್ಚುಮೊಳೆಯಲ್ಲಿ ಕೂರಿಸಿಬಿಟ್ಟರು, ಮಾತು ಮುಂದೆ ಹೋಯಿತು, ಬರಹ ಅಲ್ಲೇ ನಿಂತಿತು. ಅಚ್ಚುಕೂಟದವರು ಮಾಡಿದ ಪಾಪ ಎಷ್ಟು ದೂರ ಹೋಗುತ್ತದೆ ನೋಡಿ! ಸ್ಪ್ಯಾನಿಷ್ ಈ ವಿಷಯದಲ್ಲಿ ನಮಗೆ ಹತ್ತಿರ, ಅಲ್ಲೂ ಬರೆದಿದ್ದನ್ನು ನೋಡಿದರೆ ಹೆಚ್ಚುಕಮ್ಮಿ ಓದಿಬಿಡಬಹುದು.

'ಗೃಹಪ್ರವೇಶ' ಅಂತ ಬರೆಸಬೇಕಾ, 'ಗ್ರಹಪ್ರವೇಶ' ಅಂತಲಾ?

ಗೃಹ. ವಟ್ರಸುಳಿ. ಇದು ಕೆಂಪು ಪೆನ್ನಿನದು, ಚೌಕಾಸಿ ಇಲ್ಲ.

ಗೃಹ ಅಂದರೆ ಮನೆ: ಗೃಹಿಣಿ, ಗೃಹಸ್ಥ, ಗೃಹಮಂತ್ರಿ. ಗ್ರಹ ಅಂದರೆ ಹಿಡಿಯುವಂಥದ್ದು: ನವಗ್ರಹ, ಗ್ರಹಣ, ಗ್ರಹಚಾರ. ಶ್ರೀರಂಗಪಟ್ಟಣದ ಕಡೆಯಿಂದ ಬಂದ ಒಬ್ಬ ಯಜಮಾನರು 'ನೂತನ ಗ್ರಹಪ್ರವೇಶ' ಅಂತ ಬೇರೆಲ್ಲೋ ಅಚ್ಚು ಹಾಕಿಸಿದ್ದ ಮುನ್ನೂರು ಕಾರ್ಡನ್ನು ಚೀಲದಲ್ಲಿ ತಂದರು. ಪುರೋಹಿತರು ನೋಡಿ, "ಯಾವ ಗ್ರಹ ಒಳಗೆ ಕರೀತಿದೀರಿ ಗೌಡರೇ, ಶನೀನಾ?" ಅಂದರಂತೆ. ಅವರ ಮುಖ ನೋಡಿ ನಗಲೂ ಆಗಲಿಲ್ಲ. "ಪೆನ್ನಲ್ಲಿ ತಿದ್ದೋಕಾಯ್ತದಾ ಅಣ್ಣ?" ಅಂದರು. ಗ್ರ ಅನ್ನುವುದರ ರ ಒತ್ತನ್ನು ಪೆನ್ನಲ್ಲಿ ವಟ್ರಸುಳಿ ಮಾಡುವುದು ಸುಲಭವಲ್ಲ. ರ ಒತ್ತು ಅಕ್ಷರದ ಕೆಳಗೆ ಕೂರುತ್ತದೆ, ವಟ್ರಸುಳಿ ಬಲಗಡೆಗೆ ಇಳಿಬಿದ್ದು ಸುತ್ತುತ್ತದೆ, ನಡುವೆ ಜಾಗ ಬೇಕು. ಹೊಸದಾಗಿ ಹಾಕಿದೆವು.

ಇದೇ ಜಾತಿಯ ಇನ್ನೊಂದು: ವೃತ್ತ ಮತ್ತು ವ್ರತ. ಗಾಂಧಿ ವೃತ್ತ, ವರಮಹಾಲಕ್ಷ್ಮಿ ವ್ರತ. 'ಗಾಂಧಿ ವ್ರತದ ಹತ್ತಿರ' ಅಂತ ವಿಳಾಸ ಹಾಕಿದ ಕರಪತ್ರವನ್ನು ನಾನೇ ಕಂಡಿದ್ದೇನೆ.

'ಆರ್ಶೀವಾದ' ಅಂತ ಎಲ್ಲ ಕಾರ್ಡಲ್ಲೂ ಇರುತ್ತಲ್ಲ, ಅದು ತಪ್ಪಾ?

ತಪ್ಪು. ಆಶೀರ್ವಾದ. ಬಾಯಲ್ಲಿ ನಿಧಾನವಾಗಿ ಹೇಳಿ: ಆ-ಶೀರ್-ವಾ-ದ. ರ್ ಸದ್ದು ಶೀ ಆದ ಮೇಲೆ ಬರುತ್ತದೆ, ವಾ ಅನ್ನುವುದಕ್ಕಿಂತ ಮುಂಚೆ.

ಎಡವಟ್ಟು ಎಲ್ಲಿದೆ ಅಂದರೆ, ಅರ್ಕಾವೊತ್ತು ವಿಚಿತ್ರ ಪ್ರಾಣಿ. ಬಾಯಲ್ಲಿ ಮೊದಲು ಬರುತ್ತದೆ, ಕಾಗದದ ಮೇಲೆ ಆಮೇಲೆ ಬರುತ್ತದೆ. 'ಧರ್ಮ' ಅನ್ನುವಾಗ ರ್ ಮೊದಲು, ಮ ಆಮೇಲೆ; ಬರೆಯುವಾಗ ಮ ಮೊದಲು ಬರೆದು ಪಕ್ಕದಲ್ಲಿ ಆ ಕೊಕ್ಕೆ ಹಾಕುತ್ತೇವೆ. ಹಾಗಾಗಿ ಪದದಲ್ಲಿ ಎಲ್ಲೋ ಒಂದು ಅರ್ಕಾವೊತ್ತು ಇದೆ ಅನ್ನುವುದು ಜನಕ್ಕೆ ನೆನಪಿರುತ್ತದೆ, ಎಲ್ಲಿ ಅನ್ನುವುದು ತಪ್ಪಿಹೋಗುತ್ತದೆ. ಹಿಂದಿಯಲ್ಲಿ ಇದೇ ರ್ ಅಕ್ಷರದ ತಲೆಯ ಮೇಲೆ ಕೂರುತ್ತದೆ, ಅವರೂ ಇದೇ ಪದದಲ್ಲಿ ಇದೇ ತಪ್ಪು ಮಾಡುತ್ತಾರೆ. ಒಂದು ಥರ ಸಮಾಧಾನ.

'ಕಾರ್ಯ' ಅಂತಲೋ 'ಕಾರ್‍ಯ' ಅಂತಲೋ ಅನ್ನುವುದು ನೀಲಿ ಪೆನ್ನು. ಎರಡನೆಯದು ಹಳೆಯ ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತದೆ, ತಪ್ಪಲ್ಲ. ಒಂದೇ ಪ್ರಬಂಧದಲ್ಲಿ ಎರಡನ್ನೂ ಬೆರೆಸಬೇಡಿ.

ಇನ್ನು ರ‍್ಯಾಂಕ್, ರ‍್ಯಾಲಿ. ಇಲ್ಲಿ ರ ಪೂರ್ತಿಯಾಗಿ ಮೊದಲೇ ನಿಂತು, ಯ ಅದಕ್ಕೆ ಒತ್ತಾಗಬೇಕು. ಕಂಪ್ಯೂಟರಿನಲ್ಲಿ ಸುಮ್ಮನೆ ಟೈಪ್ ಮಾಡಿದರೆ ಅದು 'ರ್ಯಾಂಕ್' ಅಂತ ಅರ್ಕಾವೊತ್ತು ಮಾಡಿಬಿಡುತ್ತದೆ. ಅದು ಅದರ ತಪ್ಪಲ್ಲ. ರ್ ಆದಮೇಲೆ ವ್ಯಂಜನ ಬಂದರೆ ಅರ್ಕಾವೊತ್ತು ಮಾಡು ಅಂತ ಅದಕ್ಕೆ ಕಲಿಸಿದ್ದಾರೆ. ಯುನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಪದ್ಧತಿ ಅದು) ರ ಮತ್ತು ಅದರ ಹಲಂತದ (ಸ್ವರ ಕಳೆಯುವ ಗುರುತಿನ) ನಡುವೆ ಜೀರೋ ವಿಡ್ತ್ ಜಾಯಿನರ್ ಅನ್ನುವ ಕಣ್ಣಿಗೆ ಕಾಣದ ಗುರುತನ್ನು ಸೇರಿಸಿದರೆ ಸರಿಯಾಗುತ್ತದೆ. 'ಪ್ರಥಮ ರ‍್ಯಾಂಕ್' ಫ್ಲೆಕ್ಸ್ ಹಾಕಿಸುವ ಕಾಲೇಜಿನವರು ದಯವಿಟ್ಟು ಇದನ್ನು ನಮಗೇ ಬಿಡಿ.

ಮಹಾಪ್ರಾಣ ಎಲ್ಲಿ ಹಾಕಬೇಕು ಅಂತ ಹೇಗೆ ಗೊತ್ತಾಗುತ್ತೆ? ಮಾತಲ್ಲಿ ಕೇಳಿಸುವುದೇ ಇಲ್ಲ.

ಕೇಳಿಸುವುದಿಲ್ಲ, ನಿಜ. ಅಚ್ಚಕನ್ನಡದ ಪದಗಳಲ್ಲಿ ಮಹಾಪ್ರಾಣ ಇಲ್ಲವೆಂದೇ ಹೇಳಬಹುದು. ಮನೆ, ಮರ, ಕೆರೆ, ಗದ್ದೆ, ತೋಟ, ಬೆಲ್ಲ, ಆಲೆಮನೆ, ಮಂಡ್ಯದ ಬದುಕಿಗೆ ಬೇಕಾದ ಪದಗಳಲ್ಲಿ ಬಹುಪಾಲನ್ನು ಅಲ್ಪಪ್ರಾಣದಲ್ಲೇ ಬರೆದು ಮುಗಿಸಬಹುದು. ಮಹಾಪ್ರಾಣ ಬಂದಿದ್ದು ಸಂಸ್ಕೃತದ ಮತ್ತು ಹಿಂದಿ-ಉರ್ದುವಿನ ಪದಗಳ ಜೊತೆ. ಆದ್ದರಿಂದ ಕಿವಿಯನ್ನು ನಂಬಬೇಡಿ, ಪದದ ನೆಂಟರನ್ನು ನೋಡಿ. ವಿದ್ಯಾರ್ಥಿಯಲ್ಲಿ ಥ ಯಾಕೆ? ಅರ್ಥ, ಪ್ರಾರ್ಥನೆ, ಸ್ವಾರ್ಥ ಎಲ್ಲ ಅದೇ ಮನೆಯವು. ಹಾರ್ದಿಕದಲ್ಲಿ ದ ಯಾಕೆ? ಅದು ಹೃದಯದಿಂದ ಬಂದದ್ದು, ಹೃದಯದಲ್ಲಿ ದ ಇದೆ, ಧ ಇಲ್ಲ. ಹಾಗಾಗಿ 'ಹಾರ್ಧಿಕ ಸ್ವಾಗತ' ಅಂತ ಮಂಟಪದ ಬಾಗಿಲಿಗೆ ತೂಗುಹಾಕಬೇಡಿ.

ನನಗೆ ದಿನಾ ಸಿಗುವ ತಪ್ಪು ಮಹಾಪ್ರಾಣ ಬಿಟ್ಟಿದ್ದಲ್ಲ, ಸುಮ್ಮಸುಮ್ಮನೆ ತುರುಕಿದ್ದು. 'ಧೀರ್ಘ', 'ಅಭಿವೃಧ್ಧಿ', 'ಸಿಧ್ಧ', 'ಪ್ರಸಿಧ್ಧ'. ಹೊಟ್ಟೆ ಸೀಳಿದಷ್ಟೂ ಅಕ್ಷರಕ್ಕೆ ಗೌರವ ಜಾಸ್ತಿ ಅನ್ನುವ ನಂಬಿಕೆ. ದೀರ್ಘ ಅನ್ನುವಲ್ಲಿ ಘ ಮಾತ್ರ ಮಹಾಪ್ರಾಣ. ವೃದ್ಧಿ, ಸಿದ್ಧದಲ್ಲಿ ಮೇಲೆ ದ್, ಕೆಳಗಿನ ಒತ್ತು ಮಾತ್ರ ಧ. ಒಂದು ಮಹಾಪ್ರಾಣದ ಮೇಲೆ ಅದೇ ಮಹಾಪ್ರಾಣ ಒತ್ತಾಗಿ ಬರುವುದಿಲ್ಲ ಅನ್ನುವ ಒಂದೇ ಮಾತು ನೆನಪಿಟ್ಟರೆ ಇಂಥ ಅರ್ಧ ತಪ್ಪು ತಪ್ಪಿಸಬಹುದು.

ಈ ಚಾಳಿ ನಮ್ಮದು ಮಾತ್ರವೂ ಅಲ್ಲ. ಸಾಲ ಅನ್ನುವುದಕ್ಕೆ ಇಂಗ್ಲಿಷಿನಲ್ಲಿರುವ 'ಡೆಟ್' ಪದದಲ್ಲಿ ಯಾರೂ ಉಚ್ಚರಿಸದ ಒಂದು ಬಿ ಕೂತಿದೆ. ಮೊದಲು ಅದು ಇರಲಿಲ್ಲ. ಈ ಪದದ ಮೂಲ ಲ್ಯಾಟಿನ್ನಿನ 'ಡೆಬಿಟಮ್' ಅಂತ ತೋರಿಸಲು ಪಂಡಿತರು ಆಮೇಲೆ ಸೇರಿಸಿದರು. 'ಐಲ್ಯಾಂಡ್' ಪದದ ಎಸ್ ಇನ್ನೂ ಮೋಜಿನದು. ಆ ಪದಕ್ಕೂ ಲ್ಯಾಟಿನ್ನಿಗೂ ಸಂಬಂಧವೇ ಇರಲಿಲ್ಲ, ಇದೆ ಅಂದುಕೊಂಡು ಎಸ್ ಅಂಟಿಸಿದರು, ಇವತ್ತಿಗೂ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಿದ್ದಾರೆ.

ಮಹಾಪ್ರಾಣವನ್ನೇ ತೆಗೆದುಹಾಕಿದರೆ ಆಗಲ್ವಾ?

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಅದನ್ನೇ ಹೇಳಿದರು. ಕನ್ನಡಿಗರ ನಾಲಿಗೆಯಲ್ಲಿ ಇಲ್ಲದ ಅಕ್ಷರಗಳನ್ನು ಬರಹದಲ್ಲಿ ಯಾಕೆ ಹೊರಬೇಕು ಅಂತ ಮಹಾಪ್ರಾಣ, ಷ, ವಟ್ರಸುಳಿ, ವಿಸರ್ಗ ಬಿಟ್ಟು, ಐ ಔಗಳ ಬದಲು ಅಯ್ ಅವ್ ಬರೆದು 'ಹೊಸಬರಹ' ಮಾಡಿದರು. ತಮ್ಮ ಪುಸ್ತಕಗಳನ್ನೂ ಹಾಗೇ ಬರೆದರು. ಆ ಬರಹದಲ್ಲಿರುವ ಲೇಖನವೊಂದರ ಕರಡು ನಾನೂ ನೋಡಿದ್ದೇನೆ. ಮೊದಲ ಪುಟದಲ್ಲಿ ಸಾಲಿಗೆ ಎರಡು ಸಲ ಕೈ ಕೆಂಪು ಪೆನ್ನಿಗೆ ಹೋಯಿತು, ನಾಲ್ಕನೇ ಪುಟಕ್ಕೆ ಕಣ್ಣು ಒಗ್ಗಿತು.

ನನ್ನ ಮಟ್ಟಿಗೆ ಇದು ಪೆನ್ಸಿಲ್. ಲೇಖಕರು ಗೊತ್ತಿದ್ದೇ ಬಿಟ್ಟಿದ್ದರೆ ಮುಟ್ಟುವುದಿಲ್ಲ. ಲಗ್ನಪತ್ರಿಕೆಯಲ್ಲಿ 'ಶುಬವಿವಾಹ' ಅಂತ ಕಂಡರೆ ಮಾತ್ರ ಹೊಸಬರಹವೋ ಹಳೇ ತಪ್ಪೋ ಅಂತ ಒಂದು ಮಾತು ಕೇಳುತ್ತೇನೆ. ಇಲ್ಲಿಯವರೆಗೆ ಎಲ್ಲವೂ ಹಳೇ ತಪ್ಪೇ.

ಟಿ. ನರಸೀಪುರವೋ, ತಿ. ನರಸೀಪುರವೋ?

ಊರಿನ ಹೆಸರು ತಿರುಮಕೂಡಲು ನರಸೀಪುರ. ಮೊದಲಕ್ಷರ ತಿ. ಹಾಗಾದರೆ ಟಿ ಎಲ್ಲಿಂದ ಬಂತು? ಇಂಗ್ಲಿಷಿನಲ್ಲಿ ತ-ಟ ಎರಡಕ್ಕೂ ಒಂದೇ ಅಕ್ಷರ, ಅದರ ಹೆಸರು 'ಟೀ'. ತಿರುಮಕೂಡಲು ಇಂಗ್ಲಿಷಿಗೆ ಹೋಗಿ, ಬಾಲ ಕತ್ತರಿಸಿಕೊಂಡು, ಅಲ್ಲಿಂದ 'ಟಿ' ಆಗಿ ಕನ್ನಡಕ್ಕೆ ವಾಪಸ್ ಬಂತು. ತನ್ನ ಊರಿಗೆ ತಾನೇ ಪರದೇಶಿ. ಹೆಗ್ಗಡದೇವನಕೋಟೆಗೂ ಅದೇ ಗತಿ: ಹೆ.ದೇ. ಆಗಬೇಕಾದ್ದು ಎಚ್.ಡಿ. ಕೋಟೆ ಆಗಿದೆ. ಕೃಷ್ಣರಾಜಪೇಟೆಯವರಲ್ಲಿ ಕೆಲವರು ಈಗಲೂ ಕೃ.ರಾ. ಪೇಟೆ ಅಂತ ಬರೆಸುತ್ತಾರೆ, ಅವರನ್ನು ಕಂಡರೆ ನನಗೆ ಒಂದು ಕಾಫಿ ಹೆಚ್ಚು ಕುಡಿಸಬೇಕು ಅನ್ನಿಸುತ್ತದೆ.

ಪೆನ್ನಿನ ಬಣ್ಣ? ನೀಲಿ. ಟಿ. ನರಸೀಪುರ ಅಂತ ಬಸ್ಸಿನ ಮೇಲೂ ಇದೆ, ಜನರ ಬಾಯಲ್ಲೂ ಇದೆ, ಅದನ್ನು ತಪ್ಪು ಅನ್ನಲಾಗುವುದಿಲ್ಲ. ಆದರೆ ನೀವು ಕೇಳಿದಿರಿ ಅಂತ ಹೇಳುತ್ತಿದ್ದೇನೆ, ತಿ. ಬರೆಸಿ.

ಮನುಷ್ಯರ ಇನಿಷಿಯಲ್ಲಿನ ಕಥೆಯೂ ಇದೇ. ಮಂಡ್ಯ ಜಿಲ್ಲೆಯ ಇಬ್ಬರು ದೊಡ್ಡ ಕವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೇಲುಕೋಟೆಯ ಪುರೋಹಿತ ತಿರುನಾರಾಯಣ ನರಸಿಂಹಾಚಾರ್ ಅವರು ಪು.ತಿ.ನ. ಆದರು, ಪೂರಾ ಕನ್ನಡ ಅಕ್ಷರಗಳಲ್ಲಿ. ಕಿಕ್ಕೇರಿಯ ನರಸಿಂಹಸ್ವಾಮಿಯವರು ಕಿಕ್ಕೇರಿ ಸುಬ್ಬರಾವ್ ಅನ್ನುವುದನ್ನು ಕಿ.ಸು. ಮಾಡದೆ ಕೆ.ಎಸ್. ಮಾಡಿಕೊಂಡು, ಕೊನೆಗೊಂದು ಕನ್ನಡದ ನ ಸೇರಿ ಕೆ.ಎಸ್.ನ. ಆದರು. ಇಬ್ಬರನ್ನೂ ತಿದ್ದುವ ಧೈರ್ಯ ಯಾರಿಗಿದೆ? ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಚುಕ್ಕಿಗಳನ್ನೂ ಒರೆಸಿಹಾಕಿ ಕುವೆಂಪು ಅಂತ ಒಂದು ಹೊಸ ಪದವನ್ನೇ ಮಾಡಿಬಿಟ್ಟರು.

ಎಚ್ ಬರೆಯಬೇಕಾ, ಹೆಚ್ ಬರೆಯಬೇಕಾ?

ಇಂಗ್ಲಿಷ್ ನಿಘಂಟುಗಳು ಕೊಡುವ ಉಚ್ಚಾರಣೆ ಎಚ್. ನಮ್ಮಲ್ಲಿ ಅರ್ಧ ಜನ ಹೆಚ್ ಅನ್ನುತ್ತಾರೆ, ರಾಜಕಾರಣಿಗಳ ಹೆಸರನ್ನು ಪತ್ರಿಕೆಗಳು ಎರಡೂ ರೀತಿ ಹಾಕುತ್ತವೆ. ನೀಲಿ. ನಾನು ಎಚ್ ಹಾಕುತ್ತೇನೆ, ಹೆಸರಿನವರು ಹೆಚ್ ಅಂದರೆ ಹೆಚ್.

ಇಂಗ್ಲಿಷಿನಲ್ಲಿ 'ಮೈಸೋರ್' ಅಂತ ಹಾಕಿದರೆ ತಪ್ಪಾಗುತ್ತಾ?

2014ರ ನವೆಂಬರ್ 1ರಿಂದ ಇಂಗ್ಲಿಷ್ ಕಾಗುಣಿತವೂ ಅಧಿಕೃತವಾಗಿ ಮೈಸೂರು ಅಂತಲೇ. ಬೆಂಗಳೂರು, ಮಂಗಳೂರು, ಬೆಳಗಾವಿ, ಕಲಬುರಗಿ ಸೇರಿ ಹನ್ನೆರಡು ಊರುಗಳಿಗೆ ಒಟ್ಟಿಗೆ ಆದ ಬದಲಾವಣೆ ಅದು. ಕನ್ನಡದಲ್ಲಿ ನಾವು ಯಾವತ್ತೂ ಮೈಸೂರು ಅಂತಲೇ ಬರೆದವರು, ಬದಲಾಗಿದ್ದು ಇಂಗ್ಲಿಷಿನ ಕಾಗುಣಿತ ಮಾತ್ರ. ಮಂಡ್ಯದ ಕಾಗುಣಿತವನ್ನು ಯಾರೂ ಮುಟ್ಟಲಿಲ್ಲ.

ಲೆಟರ್‌ಹೆಡ್ಡು, ವಿಳಾಸ, ಸರ್ಕಾರಿ ಅರ್ಜಿ ಆದರೆ ಹೊಸದನ್ನೇ ಹಾಕಿಸಿ. ಆದರೆ ಸಂಸ್ಥೆಗಳ ಹೆಸರು ಬೇರೆ ಲೆಕ್ಕ. 1916ರಲ್ಲಿ ಶುರುವಾದ ನಮ್ಮ ವಿಶ್ವವಿದ್ಯಾನಿಲಯ ಇಂಗ್ಲಿಷಿನಲ್ಲಿ ಇನ್ನೂ ಹಳೆಯ ಕಾಗುಣಿತವನ್ನೇ ಇಟ್ಟುಕೊಂಡಿದೆ. ಅದನ್ನು ಪ್ರಬಂಧದ ಮುಖಪುಟದಲ್ಲಿ 'ತಿದ್ದಲು' ಹೋಗಬೇಡಿ, ಅದು ನಿಮ್ಮ ಮನೆ ವಿಳಾಸವಲ್ಲ.

ಸೊನ್ನೆ ಹಾಕಿದರೆ ಸಾಕಾ, ಅಥವಾ ಙ ಞ ಣ ನ ಮ ಬರೆಯಬೇಕಾ?

ಸೊನ್ನೆ ಸಾಕು. ಅಂಕ, ಪಂಚ, ಮಂಡ್ಯ, ಅಂದ, ಕಂಬ: ಐದು ಕಡೆ ಐದು ಸದ್ದು, ಒಂದೇ ಸೊನ್ನೆ. ನಾಲಿಗೆ ಮುಂದಿನ ಅಕ್ಷರಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುತ್ತದೆ. 'ಮಣ್ಡ್ಯ' ಅಂತ ಬರೆದರೆ ಊರಿನವರೇ ಗುರುತು ಹಿಡಿಯುವುದಿಲ್ಲ. ಹಿಂದಿಯವರು ತಮ್ಮ ಭಾಷೆಯ ಹೆಸರನ್ನೇ ಎರಡು ರೀತಿ ಬರೆಯುತ್ತಾರೆ, ಅರ್ಧ ನ ಹಾಕಿ ಒಂದು, ಚುಕ್ಕಿ ಹಾಕಿ ಒಂದು.

ಶ, ಷ, ಸ?

ಸ ಕಿವಿಗೆ ಗೊತ್ತಾಗುತ್ತದೆ, ಗೊತ್ತಾಗದಿದ್ದರೆ ಅದು ಊರಿನ ಮಾತಿನ ಗುಣ. ಶ-ಷ ಮಾತ್ರ ನೆನಪಿನ ಕೆಲಸ. ಟ, ಠ, ಣ ಪಕ್ಕದಲ್ಲಿದ್ದರೆ ಷ ಅನ್ನುವುದು ಬಹಳಷ್ಟು ಕಡೆ ಕೈಹಿಡಿಯುತ್ತದೆ: ಕಷ್ಟ, ನಿಷ್ಠೆ, ಕೃಷ್ಣ, ವಿಷ್ಣು. ಚ ಪಕ್ಕದಲ್ಲಿದ್ದರೆ ಶ: ನಿಶ್ಚಯ, ಪಶ್ಚಿಮ. ನಿಶ್ಚಿತಾರ್ಥಕ್ಕೆ ಷ ಹಾಕಿ ತರುವವರು ಇದನ್ನು ಗಮನಿಸಬೇಕು. ಇಂಗ್ಲಿಷಿನಿಂದ ಬಂದವು, ಸ್ಟೇಷನ್-ಸ್ಟೇಶನ್, ಷರ್ಟು-ಶರ್ಟು, ನೀಲಿ ಪೆನ್ನು.

ಒಂದೇ ಸದ್ದಿಗೆ ಹಲವು ಅಕ್ಷರ ಹೊರುವುದು ನಮಗೊಬ್ಬರಿಗೇ ಬಂದ ಕಷ್ಟವಲ್ಲ. ಮಂಡಿ ಮೊಹಲ್ಲಾದ ಕಡೆಯಿಂದ ಬರುವ ಗೆಳೆಯರೊಬ್ಬರು ಉರ್ದು ಪತ್ರಿಕೆಗಳನ್ನು ಜೋಡಿಸುತ್ತಾರೆ. ಉರ್ದುವಿನಲ್ಲಿ ಜ಼ ಅನ್ನುವ ಸದ್ದಿಗೆ ಜ಼ೇ, ಜ಼ಾಲ್, ಜ಼್ವಾದ್, ಜ಼ೋಯ್ ಅಂತ ನಾಲ್ಕು ಸಾಮಾನ್ಯ ಅಕ್ಷರಗಳು. ಅರಬ್ಬಿಯಲ್ಲಿ ಅವುಗಳ ಸದ್ದು ಬೇರೆಬೇರೆ, ಇಲ್ಲಿಗೆ ಬರುವಷ್ಟರಲ್ಲಿ ಒಂದಾಯಿತು, ಕಾಗುಣಿತ ಮಾತ್ರ ಮೂಲದ್ದೇ ಉಳಿಯಿತು. "ನಿಮಗೆ ಎರಡಕ್ಕೇ ಇಷ್ಟು ಗೋಳಾ?" ಅಂತ ಅವರು ನಗುತ್ತಾರೆ.

ಪದಗಳನ್ನು ಕೂಡಿಸಿ ಬರೆಯಬೇಕಾ, ಬಿಡಿಸಿಯಾ?

ಬೋರ್ಡು ಬರೆಸುವವರು ಇದನ್ನು ಕೇಳುವುದೇ ಇಲ್ಲ, ಆದರೆ ಅತಿ ಹೆಚ್ಚು ಎಡವುವುದು ಇಲ್ಲೇ. 'ಇಲ್ಲಿ ಕಸ ಹಾಕಬೇಡಿ' ಅನ್ನುವುದನ್ನು ಜಾಗ ಸಾಲದೆ 'ಇಲ್ಲಿ ಕಸ ಹಾಕ' ಅಂತ ಒಂದು ಸಾಲು, 'ಬೇಡಿ' ಅಂತ ಇನ್ನೊಂದು ಸಾಲು ಮಾಡಿದರೆ, ದೂರದಿಂದ ಕಾಣುವುದು ದೊಡ್ಡಕ್ಷರದ 'ಬೇಡಿ'. ಭಿಕ್ಷೆ ಬೇಡಲು ಹೇಳಿದಂತೆ. ಬೇಕು, ಬೇಡ, ಬಾರದು, ಬಹುದು, ಇವು ಕ್ರಿಯಾಪದದ ಬೆನ್ನಿಗೆ ಅಂಟಿಕೊಂಡೇ ಇರಬೇಕು: ಮಾಡಬೇಕು, ನಿಲ್ಲಿಸಬಾರದು, ಹೋಗಬಹುದು. ವಿಭಕ್ತಿ ಪ್ರತ್ಯಯವೂ ಅಷ್ಟೇ. 'ಮೈಸೂರು ನಲ್ಲಿ' ಅಂತ ಬರೆಯುವವರು ಈಚೆಗೆ ಹೆಚ್ಚಾಗಿದ್ದಾರೆ. ಮೈಸೂರಿನಲ್ಲಿ ಅಂತ ಬಾಯಲ್ಲಿ ಸಲೀಸಾಗಿ ಅನ್ನುವವರು ಫೋನಿನಲ್ಲಿ ಮಾತ್ರ ಮುರಿಯುತ್ತಾರೆ.

ಎಷ್ಟು ಕೂಡಿಸಬೇಕು ಅನ್ನುವುದಕ್ಕೆ ಮಿತಿಯೂ ಇದೆ. 'ಮನೆಬಾಡಿಗೆಗಿದೆ' ಅಂತ ಒಂದೇ ಉಸಿರಿನಲ್ಲಿ ಬರೆಯುವುದಕ್ಕಿಂತ 'ಮನೆ ಬಾಡಿಗೆಗಿದೆ' ಓದಲು ಹಗುರ. ಜರ್ಮನ್ನರು ನಾಮಪದಗಳನ್ನು ರೈಲಿನ ಬೋಗಿಗಳಂತೆ ಜೋಡಿಸಿಕೊಂಡು ಹೋಗುತ್ತಾರೆ. ಥಾಯ್ ಭಾಷೆಯಲ್ಲಿ ಪದಗಳ ನಡುವೆ ಜಾಗವನ್ನೇ ಬಿಡುವುದಿಲ್ಲ. ನಮ್ಮ ತಾಳೆಗರಿಯವರೂ ಬಿಡುತ್ತಿರಲಿಲ್ಲ.

ಬೇರೆ ದೇಶಗಳಲ್ಲಿ ಕಾಗುಣಿತವನ್ನು ಸರ್ಕಾರವೇ ನಿರ್ಧರಿಸುತ್ತಂತೆ, ಹೌದಾ?

ಕೆಲವು ಕಡೆ ಹೌದು. ತುರ್ಕಿ ದೇಶ 1928ರಲ್ಲಿ ಅರಬ್ಬಿ ಲಿಪಿಯನ್ನೇ ಬಿಟ್ಟು ಲ್ಯಾಟಿನ್ ಅಕ್ಷರಕ್ಕೆ ಹೋಯಿತು. ಆ ಕಾನೂನು ಆದದ್ದು ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನಾಂಕ. ರಷ್ಯಾ 1918ರಲ್ಲಿ ಕೆಲವು ಅಕ್ಷರಗಳನ್ನು ವರ್ಣಮಾಲೆಯಿಂದ ಹೊರಹಾಕಿತು. ಜರ್ಮನ್ ಮಾತಾಡುವ ದೇಶಗಳು 1996ರಲ್ಲಿ ಕಾಗುಣಿತ ಸುಧಾರಣೆಗೆ ಸಹಿ ಹಾಕಿದವು, ಜನ ಕೂಗಾಡಿದರು, 2006ರಲ್ಲಿ ಅದನ್ನೇ ಮತ್ತೆ ತಿದ್ದಿದರು. ಸ್ಪ್ಯಾನಿಷ್ ಭಾಷೆಗೆ 1713ರಿಂದ ಒಂದು ರಾಜ ಅಕಾಡೆಮಿ ಇದೆ. ಪ್ರಶ್ನೆಯ ಮೊದಲಲ್ಲೂ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಹಾಕಿ ಅಂತ ಹೇಳಿದ್ದು ಅದೇ, 1754ರಲ್ಲಿ. ಓದುವವನಿಗೆ ಶುರುವಿನಲ್ಲೇ ಇದು ಪ್ರಶ್ನೆ ಅಂತ ಗೊತ್ತಾಗುತ್ತದೆ, ಒಳ್ಳೇ ಏರ್ಪಾಡು. ನಮ್ಮ ನೆರೆಯಲ್ಲೇ ಕೇರಳ 1971ರಲ್ಲಿ, ತಮಿಳುನಾಡು 1978ರಲ್ಲಿ ಲಿಪಿಯನ್ನು ಸರಳ ಮಾಡಿದವು.

ಇಂಗ್ಲಿಷಿಗೆ ಅಂಥ ಯಜಮಾನರಿಲ್ಲ. ಜಾನ್ಸನ್ 1755ರಲ್ಲಿ, ಅಮೆರಿಕದಲ್ಲಿ ವೆಬ್‌ಸ್ಟರ್ 1828ರಲ್ಲಿ ನಿಘಂಟು ಬರೆದರು, ಜನ ಹಿಂಬಾಲಿಸಿದರು. ಕನ್ನಡಕ್ಕೂ ಇದು ಸರಿ, ಇದು ತಪ್ಪು ಅಂತ ಆಜ್ಞೆ ಹೊರಡಿಸುವ ಪೀಠ ಇಲ್ಲ. ಮೈಸೂರಿನಲ್ಲೇ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ, ಅದರ ಕೆಲಸ ಸಂಶೋಧನೆ, ಪೊಲೀಸ್ 'ಡ್ಯೂಟಿ' ಅಲ್ಲ.

ನಮ್ಮಲ್ಲಿ ಅಕ್ಷರಗಳು ಹೋದದ್ದು ಆಜ್ಞೆಯಿಂದಲ್ಲ, ಬಾಯಿಂದ. ಹಳಗನ್ನಡದಲ್ಲಿ ಱ, ೞ ಅಂತ ಎರಡು ಅಕ್ಷರ ಇದ್ದವು. ಮಳೆ ಆಗ ಮೞೆ, ಕಿರಿದು ಆಗ ಕಿಱಿದು. ತಮಿಳರೂ ಮಲಯಾಳಿಗಳೂ ಆ ಮಳೆಯ ಸದ್ದನ್ನು ಇನ್ನೂ ಉಳಿಸಿಕೊಂಡಿದ್ದಾರೆ. ನಮ್ಮಲ್ಲಿ ಅದು ಳ ಜೊತೆ ಬೆರೆತುಹೋಯಿತು. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ೞ ಬರುವ ಪದಗಳನ್ನು ಪಟ್ಟಿ ಮಾಡಿಟ್ಟಿದ್ದಾನೆ ಅಂದರೆ, ಅವನ ಕಾಲಕ್ಕೇ ಜನ ತಪ್ಪಾಗಿ ಬರೆಯುತ್ತಿದ್ದರು ಅಂತ ನನ್ನ ಊಹೆ. ಎಲ್ಲರಿಗೂ ಗೊತ್ತಿರುವುದಕ್ಕೆ ಯಾರೂ ಪಟ್ಟಿ ಮಾಡುವುದಿಲ್ಲ.

ಆ ಬಡಪಾಯಿ ೞಗೆ ಇನ್ನೊಂದು ಅವಮಾನ ಕಾದಿತ್ತು. ಯುನಿಕೋಡ್ ಕೋಷ್ಟಕದಲ್ಲಿ ಅದಕ್ಕೆ ಕೊಟ್ಟ ಹೆಸರು 'ಕನ್ನಡ ಅಕ್ಷರ ಫ'! ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಅನ್ನುವುದು ಯುನಿಕೋಡಿನ ನಿಯಮ, ಹಾಗಾಗಿ ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರು ಸೇರಿಸಿ ಬಿಟ್ಟಿದ್ದಾರೆ. ಕರಡು ನೋಡದೆ ಅಚ್ಚಿಗೆ ಕಳಿಸಿದರೆ ಹೀಗೇ.

ಮಂಡ್ಯದ ಮಾತಿನಲ್ಲೇ ಬರೆದರೆ ತಪ್ಪಾ?

ನಾಟಕ, ಕಥೆ, ಫೇಸ್‌ಬುಕ್ಕು, ಗೆಳೆಯರ ಬಳಗದ ಆಹ್ವಾನ, ಯಾವುದಾದರೂ ಸರಿ, ಧಾರಾಳವಾಗಿ ಬರೆಯಿರಿ. ಒಂದೇ ಕಿವಿಮಾತು: ಆಡುಮಾತಿಗೂ ಕಾಗುಣಿತ ಇದೆ. 'ಬತ್ತೀನಿ' ಅಂತ ಒಂದು ಸಾಲಿನಲ್ಲಿ ಬರೆದು ಮುಂದಿನ ಸಾಲಿನಲ್ಲಿ ಅದೇ ಪಾತ್ರದ ಬಾಯಲ್ಲಿ 'ಬರುತ್ತೇನೆ' ಅನ್ನಿಸಬೇಡಿ. ಹಾಲು ಆಲು ಆಗುವ ಕಡೆ ಎಲ್ಲ ಹ ಬಿಟ್ಟುಹೋಗಲಿ, ಒಂದು ಕಡೆ ಮಾತ್ರ ಅಲ್ಲ. ಹ ಬಿಡುವವರನ್ನು ನೋಡಿ ನಗುವವರಿಗೆ ಒಂದು ಮಾತು: ಆ ಹ ಕೂಡ ಹಳೆಯದೇನಲ್ಲ, ಹಳಗನ್ನಡದಲ್ಲಿ ಅದು ಪಾಲು. ಪ ಹೋಗಿ ಹ ಬಂದಾಗ ಯಾರಾದರೂ ಕರಡು ತಿದ್ದುವವನು ತಲೆ ಚಚ್ಚಿಕೊಂಡಿರಬೇಕು.

ಮಗಳ ಹೆಸರು ಕಾವ್ಯ ಅಂತಲೋ ಕಾವ್ಯಾ ಅಂತಲೋ?

ಹೆಸರು ಪೂರಾ ಪೆನ್ಸಿಲ್. ಹೆಸರಿನ ಒಡೆಯರು ಹೇಳಿದ್ದೇ ಸರಿ. ನನ್ನ ಅಭಿಪ್ರಾಯ ಕೇಳಿದರೆ, ಕನ್ನಡ ಮೊದಲಿನಿಂದಲೂ ಕೊನೆಯ ದೀರ್ಘವನ್ನು ಇಷ್ಟಪಟ್ಟಿಲ್ಲ. ಸಂಸ್ಕೃತದ ಶಾಲಾ, ಮಾಲಾ, ಕವಿತಾ ನಮ್ಮಲ್ಲಿ ಶಾಲೆ, ಮಾಲೆ, ಕವಿತೆ ಆದವು. ಹೆಸರಿಗೆ ಮಾತ್ರ ಕವಿತಾ ಉಳಿಯಿತು.

ಆದರೆ ಒಂದು ಎಚ್ಚರ. ಸಂಖ್ಯಾಶಾಸ್ತ್ರದವರು ಹೇಳಿದರು ಅಂತ ಇಂಗ್ಲಿಷಿನಲ್ಲಿ ಎರಡು ಎ, ಮೂರು ಎಚ್ ಸೇರಿಸುವವರು, ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಅದೇ ಇದೆಯಾ ನೋಡಿಕೊಳ್ಳಿ. ಲಗ್ನಪತ್ರಿಕೆಯ ಒಂದು ಅಕ್ಷರ ಬೇರೆಯಾಗಿದ್ದು, ಮದುವೆ ನೋಂದಣಿಗೆ ಹೋದಾಗ ಅಫಿಡವಿಟ್ ಮಾಡಿಸಿದವರು ನಮ್ಮ ಗಿರಾಕಿಗಳಲ್ಲೇ ಇದ್ದಾರೆ.

ಕನ್ನಡ ಅಂಕಿ ಹಾಕಿಸಬಹುದಾ?

ಕಾರ್ಡಿಗೆ, ಮನೆ ಬಾಗಿಲಿಗೆ, ಪುಸ್ತಕದ ಪುಟಸಂಖ್ಯೆಗೆ ಹಾಕಿಸಿ, ಚೆಂದ ಕಾಣುತ್ತದೆ. ಫೋನ್ ನಂಬರಿಗೆ ಮಾತ್ರ ಬೇಡ ಅಂತ ನನ್ನ ಸಲಹೆ. ೬ ಮತ್ತು ೯ರಲ್ಲಿ ಎಡವಿ ಯಾರೋ ಪಾಪದವರ ಮನೆಗೆ ಕರೆ ಹೋಗುತ್ತದೆ. ಗಾಡಿ ನಂಬರ್ ಪ್ಲೇಟಿಗೆ ಕೇಂದ್ರದ ಮೋಟಾರು ವಾಹನ ನಿಯಮ ಒಪ್ಪುವುದಿಲ್ಲ, ಆ ಕೆಲಸ ನಾವು ತೆಗೆದುಕೊಳ್ಳುವುದಿಲ್ಲ. ಅಂಗಡಿ ಬೋರ್ಡಾದರೆ 60% ಭಾಗ ಕನ್ನಡ ಇರಬೇಕು ಅನ್ನುವುದು ಈಗ ಕಾನೂನು, ಅಳತೆ ನಾವೇ ನೋಡಿಕೊಳ್ಳುತ್ತೇವೆ.

ವಿದೇಶಕ್ಕೆ ಬಿಲ್ಲು ಕಳಿಸುವ ರೇಷ್ಮೆ ವ್ಯಾಪಾರಿಯೊಬ್ಬರು ಕೇಳಿದ್ದು: ನಮ್ಮ 1,50,000 ಅವರಿಗೆ 150,000. ಜರ್ಮನಿಯಲ್ಲಾದರೆ ಅಲ್ಪವಿರಾಮ ಇರುವುದು ದಶಾಂಶಕ್ಕೆ, ಸಾವಿರಕ್ಕೆ ಚುಕ್ಕಿ. ಬಿಲ್ಲಿನಲ್ಲಿ ಮೊತ್ತವನ್ನು ಅಕ್ಷರದಲ್ಲೂ ಬರೆಸಿ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದೆ, ನಿಮಗೆ ಬರೀ ಚಿತ್ತಾರ ಕಾಣುತ್ತಿದೆ ಅಂತೀರಲ್ಲ, ಯಾಕೆ?

ನುಡಿಯ ಹಳೆಯ ಫಾಂಟಿನಲ್ಲಿ ಕನ್ನಡ ಅಕ್ಷರ ನಿಜವಾಗಿ ಇರುವುದೇ ಇಲ್ಲ. ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು, ಫಾಂಟು ಅವುಗಳ ಮೇಲೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಯುನಿಕೋಡ್‌ನಲ್ಲಿ ಕಳಿಸಿ, ಅಥವಾ ಹಳೆಯದನ್ನು ಯುನಿಕೋಡ್‌ಗೆ ಪರಿವರ್ತಿಸಿ ಕಳಿಸಿ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ, ಅಲ್ಲೇ ಕೈಕೊಡುವುದು. ಪಿಡಿಎಫ್ ಜೊತೆಗೆ ಕಳಿಸಿದರೆ ಹೋಲಿಸಿ ನೋಡಲು ಅನುಕೂಲ.

ಅಚ್ಚಾದ ಮೇಲೆ ತಪ್ಪು ಕಂಡರೆ ಯಾರು ಜವಾಬ್ದಾರಿ?

ಕರಡಿಗೆ ಸಹಿ ಹಾಕಿದವರು. ಅದಕ್ಕೇ ಸಹಿ ಹಾಕುವ ಮೊದಲು ಮನೆಗೆ ಒಯ್ಯಿರಿ ಅನ್ನುತ್ತೇನೆ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕಣ್ಣಾಡಿಸಲಿ. ಆಮೇಲೆ ಕೊನೆಯ ಪದದಿಂದ ಹಿಂದಕ್ಕೆ ಒಂದೊಂದೇ ಪದ ಓದಿಕೊಂಡು ಬನ್ನಿ. ಅರ್ಥದ ಓಟ ನಿಂತರೆ ಅಕ್ಷರ ಕಾಣುತ್ತದೆ.

ಇಷ್ಟೆಲ್ಲ ಹೇಳುವ ನಾನೇ ಒಮ್ಮೆ ಮದ್ದೂರಿನವರ ಲಗ್ನಪತ್ರಿಕೆಯಲ್ಲಿ ಚಿ|| ರಾ||, ಚಿ|| ಸೌ|| ಎಲ್ಲ ನೋಡಿ, ಆಶೀರ್ವಾದದ ಅರ್ಕಾವೊತ್ತು ಸರಿಯಾದ ಜಾಗದಲ್ಲಿ ಕೂರಿಸಿ, ಸುಮುಹೂರ್ತದ ಹ-ಗೆ ಕೊಂಬಿನ ದೀರ್ಘ ತಿದ್ದಿ, ಐನೂರು ಕಾರ್ಡು ಹೊಡೆಸಿದೆ. ಕಾಗುಣಿತದಲ್ಲಿ ಒಂದು ಕೊಂಕಿಲ್ಲ. ಹುಡುಗಿಯ ಅಜ್ಜಿ ಕಾರ್ಡನ್ನು ಕೈಗೆ ತೆಗೆದುಕೊಂಡು, ಕ್ಯಾಲೆಂಡರ್ ನೋಡಿ, "ಆವತ್ತು ಸೋಮವಾರ ಅಲ್ವಾ ಮಗ, ಭಾನುವಾರ ಅಂತ ಹಾಕಿದೀಯಲ್ಲ" ಅಂದರು. ಮನೆಯವರು ಕರಡಿಗೆ ಸಹಿ ಹಾಕಿದ್ದರು ನಿಜ, ಆದರೂ ದುಡ್ಡು ಕೇಳುವ ಮುಖ ಇರಲಿಲ್ಲ. 'ಸೋಮವಾರ' ಅನ್ನುವ ಐನೂರು ಸಣ್ಣ ಚೀಟಿ ಹೊಡೆಸಿ, ನಾನು, ನನ್ನ ಹೆಂಡತಿ, ಅಂಗಡಿಯ ಹುಡುಗ ಮೂವರೂ ಕೂತು ರಾತ್ರಿ ಒಂದು ಗಂಟೆಯವರೆಗೆ ಅಂಟಿಸಿದೆವು.